ಒರೆಸದ ಕುರ್ಚಿ

ಸಿಸ್ಟರ್ ತೀರಿಕೊಂಡ ಸುದ್ದಿಯನ್ನು ಅವರ ಮೊಮ್ಮಗಳು ನನ್ನ ಬಾಗಿಲಿಗೇ ಬಂದು ಹೇಳಿದಳು. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಒಲೆ ಆರಿಸಿದೆ. ಅಡುಗೆಮನೆ ನಿಶ್ಶಬ್ದವಾಗಬೇಕಿತ್ತು, ಆಗಲಿಲ್ಲ. ಕಿಟಕಿಯ ಕೆಳಗೆ ಜನರೇಟರ್ ಎಂದಿನಂತೆ ಗುಡುಗುಡು ಓಡುತ್ತಲೇ ಇತ್ತು. ನನಗೆ ಮೊದಲು ಅಳು ಬರಲಿಲ್ಲ, ಸಿಟ್ಟು ಬಂತು. ಆಕೆ ಹೋದರು, ಇದು ಇನ್ನೂ ಇದೆಯಲ್ಲ ಎಂದು ಮೈಯೆಲ್ಲ ಉರಿಯಿತು. ಆ ಹುಡುಗಿಯನ್ನು ತಬ್ಬಿಕೊಂಡಾಗ ಅವಳ ಕೋಟಿನ ಜೇಬಿನಲ್ಲಿದ್ದ ಇನ್‌ಹೇಲರ್ ನನ್ನ ಪಕ್ಕೆಗೆ ಒತ್ತಿತು.

ನಾವಿರುವುದು ಲಂಡನ್ನಿನ ಪಶ್ಚಿಮ ಅಂಚಿನ ಹೇಸ್‌ನಲ್ಲಿ, ಗೋದಾಮುಗಳ ಹಿಂದಿನ ಒಂದು ಹಳೆಯ ಫ್ಲ್ಯಾಟುಗಳ ಕಟ್ಟಡದಲ್ಲಿ. ಇಲ್ಲಿ ಹೆಚ್ಚಿನವರು ಕೆರೀಬಿಯನ್ ದ್ವೀಪಗಳಿಂದ, ಘಾನಾದಿಂದ, ಸೊಮಾಲಿಯಾದಿಂದ ಬಂದ ಕಪ್ಪು ಜನ. ನಡುನಡುವೆ ನಮ್ಮಂಥ ಒಂದೆರಡು ಮನೆ. ನನ್ನ ಗಂಡ ಮೈಸೂರಿನವರು, ಅಕ್ಸ್‌ಬ್ರಿಡ್ಜ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ನಾನು ಹುಬ್ಬಳ್ಳಿಯವಳು, ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ಸಿಸ್ಟರ್ ನಮ್ಮ ಮೇಲಿನ ಮನೆಯವರು. ಚಿಕ್ಕಂದಿನಲ್ಲಿ ಕೆರೀಬಿಯನ್ ದ್ವೀಪವೊಂದರಿಂದ ಹಡಗಿನಲ್ಲಿ ಬಂದು, ಇಲ್ಲೇ ಓದಿ, ಎದೆರೋಗಗಳ ವಾರ್ಡಿನ ಮುಖ್ಯ ನರ್ಸ್ ಆಗಿ ನಿವೃತ್ತರಾದವರು. ಅವರಿಗೆ ಒಳ್ಳೆಯ ಹೆಸರಿತ್ತು. ಆದರೆ ಕಟ್ಟಡದಲ್ಲಿ ಯಾರೂ ಆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಸಿಸ್ಟರ್.

ಅವರಾಡುತ್ತಿದ್ದದ್ದು ಇಂಗ್ಲಿಷೇ, ದ್ವೀಪದ ರಾಗ ಹಚ್ಚಿದ ಇಂಗ್ಲಿಷ್. ಆದರೆ ಅವರು ಬೈದಾಗಲೆಲ್ಲ ನನ್ನ ಕಿವಿಗೆ ಅದು ನಮ್ಮ ಹುಬ್ಬಳ್ಳಿಯ ಸೋದರತ್ತೆ ಬೈದಂತೆ ಕೇಳಿಸುತ್ತಿತ್ತು. ಈಗ ನೆನೆಸಿಕೊಂಡರೂ ಹಾಗೆಯೇ ಕೇಳಿಸುತ್ತದೆ. ಆದ್ದರಿಂದ ಅವರ ಮಾತನ್ನು ಹಾಗೆಯೇ ಬರೆಯುತ್ತೇನೆ. ಅವರಿದ್ದರೆ ಬೇಡವೆನ್ನುತ್ತಿರಲಿಲ್ಲ.

ಮೊದಲ ಭೇಟಿ ಕಾರಿನ ಗಾಜಿನ ಮೂಲಕ ಆಯಿತು. ನಾವು ಈ ಮನೆಗೆ ಬಂದ ಹೊಸತು. ಚಳಿಗಾಲದ ಬೆಳಿಗ್ಗೆ. ನಾನು ಸ್ವೆಟರ್ ಹುಡುಕುತ್ತಿದ್ದೆ, ನನ್ನವರು ಕೆಳಗೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕಾಯುತ್ತಿದ್ದರು. ಕಾರು ಬುಸುಬುಸು ಹೊಗೆ ಬಿಡುತ್ತ ನಿಂತಿತ್ತು. ನಾನು ಇಳಿದು ಬರುವಷ್ಟರಲ್ಲಿ ನೇರಳೆ ಹ್ಯಾಟಿನ ಹೆಂಗಸೊಬ್ಬರು ಬಗ್ಗಿ, ಬೆರಳಿನ ದಪ್ಪ ಉಂಗುರದಿಂದ ಗಾಜನ್ನು ಟಕಟಕ ಬಡಿಯುತ್ತಿದ್ದರು. ನನ್ನವರು ಗಾಜು ಇಳಿಸಿದರು.

"ಇಂಜಿನ್ ಬಂದ್ ಮಾಡಪಾ, ಡಾರ್ಲಿಂಗ್."

"ಎರಡೇ ನಿಮಿಷ ಮೇಡಂ, ಹೆಂಡತಿ ಬರ್ತಾ ಇದಾಳೆ."

"ಹೆಂಡತಿ ಬರ್ತಾಳ, ಬರ್ಲಿ. ಹೆಂಡತಿ ಕಾಯಾಕ ಇಂಜಿನ್ ಯಾಕ ಬೇಕು? ಆ ಕಿಟಕಿ ಒಳಗ ನನ್ನ ಮೊಮ್ಮಗಳು ಮಲಗ್ಯಾಳ. ನಿನ್ನ ಹೊಗಿ ನಿನಗಿಂತ ಮೊದಲ ಅಕಿಗೆ ಮುಟ್ಟತೈತಿ."

ಇಂಜಿನ್ ಆರಿಸುವವರೆಗೂ ಆಕೆ ಕದಲಲಿಲ್ಲ. ದಾರಿಯುದ್ದಕ್ಕೂ ನನ್ನವರು, "ನನ್ನ ಕಾರು, ನನ್ನ ಹೀಟರ್, ಇವರಿಗೇನಂತೆ ಕಣೇ?" ಎಂದು ಗೊಣಗಿದರು. ಮರುದಿನ ಮಾತ್ರ ಕಂಬಳಿ ಹೊದ್ದುಕೊಂಡು, ಇಂಜಿನ್ ಆರಿಸಿಯೇ ಕಾದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಮೇಲಿನ ಬಾಲ್ಕನಿಯ ಕಡೆ ಒಂದು ಕಣ್ಣಿಟ್ಟೇ ಇದ್ದರು. ಗೋದಾಮಿನ ವ್ಯಾನುಗಳವರು, ಟ್ಯಾಕ್ಸಿಯವರು, ಒಮ್ಮೆ ಪೊಲೀಸ್ ಕಾರಿನವರು ಕೂಡ ಆ ಉಂಗುರದ ಸದ್ದು ಕೇಳಿದವರೇ.

ಜನರೇಟರಿನ ಕಥೆ ಹೇಳದೆ ಸಿಸ್ಟರ್ ಕಥೆ ಹೇಳಲಾಗುವುದಿಲ್ಲ. ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಹೊಸ ಎತ್ತರದ ಕಟ್ಟಡವೊಂದು ಎದ್ದಿತು. ಎರಡೂ ಕಟ್ಟಡಗಳ ಮಾಲೀಕ ಸಂಸ್ಥೆ ಒಂದೇ. ಹೊಸ ಫ್ಲ್ಯಾಟುಗಳು ಮಾರಾಟಕ್ಕೆ, ಒಳ್ಳೆಯ ಬೆಲೆಗೆ. ಬೀದಿಯ ಕೇಬಲ್ಲಿನಲ್ಲಿ ಎರಡಕ್ಕೂ ಸಾಲುವಷ್ಟು ಕರೆಂಟು ಇರಲಿಲ್ಲ. ಸಂಸ್ಥೆಯವರು ಹೊಸಬರಿಗೆ ಪೂರ್ತಿ ಕೊಟ್ಟು, ನಮ್ಮ ಮನೆಗಳೊಳಗಿನ ದೀಪ-ಒಲೆಗೆ ಆಗುವಷ್ಟು ಮಾತ್ರ ನಮಗೆ ಬಿಟ್ಟರು. ನಮ್ಮ ಲಿಫ್ಟಿಗೆ, ಮೆಟ್ಟಿಲಿನ ದೀಪಕ್ಕೆ, ನೀರಿನ ಪಂಪಿಗೆ ಅಂತ ಅಂಗಳದಲ್ಲಿ ಲಾರಿಯಷ್ಟು ದೊಡ್ಡ ಡೀಸೆಲ್ ಜನರೇಟರ್ ತಂದು ನಿಲ್ಲಿಸಿದರು. ಅದರ ಮೇಲೆ 'ತಾತ್ಕಾಲಿಕ' ಎಂದು ಬೋರ್ಡು. ಆ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡು ಓದಲು ಬಾರದಂತಾಯಿತು, ಜನರೇಟರ್ ಜಾಗ ಬಿಡಲಿಲ್ಲ. ಹೊಸ ಕಟ್ಟಡದ ಛಾವಣಿಯ ಮೇಲೆ ಸೋಲಾರ್ ಹಲಗೆಗಳು ಮಿರಮಿರ ಮಿಂಚುತ್ತಿದ್ದವು. ನಮ್ಮ ಕಿಟಕಿಯ ಅಂಚಿನಲ್ಲಿ ಬೆರಳಾಡಿಸಿದರೆ ಕಾಡಿಗೆ ತೀಡುವಷ್ಟು ಮಸಿ.

ದೂರುಗಳು ಹೆಚ್ಚಾದಾಗ ಮಾಲೀಕ ಸಂಸ್ಥೆ ಒಬ್ಬ ಅಧಿಕಾರಿಯನ್ನು ಕಳಿಸಿತು. ಒಳ್ಳೆಯ ಹುಡುಗನೇ, ನಯವಾದ ಮಾತು, ಕೆನೆ ಬಣ್ಣದ ಪ್ಯಾಂಟು. ಸಿಸ್ಟರ್ ಅವನನ್ನು ಬಾಲ್ಕನಿಯಲ್ಲಿ ಕೂರಿಸಿ ಚಹಾ ಕೊಟ್ಟರು, ಶುಂಠಿಯ ಕೇಕು ಕೊಟ್ಟರು. ನಾನೂ ಇದ್ದೆ, ನನ್ನನ್ನು ಮಾತ್ರ ಒಳಗಿನಿಂದ ತಂದ ಸ್ಟೂಲಿನ ಮೇಲೆ ಕೂರಿಸಿದ್ದರು. ಯಾಕೆಂದು ಆಗ ಹೊಳೆಯಲಿಲ್ಲ. ಅವನು ಗಾಳಿಯ ಗುಣಮಟ್ಟ ಮಿತಿಯೊಳಗೇ ಇದೆ, ಆತಂಕಪಡುವಂಥದ್ದೇನಿಲ್ಲ ಎಂದೆಲ್ಲ ವಿವರಿಸಿದ. ಸಿಸ್ಟರ್ ತಲೆಯಾಡಿಸಿ ಕೇಳಿಕೊಂಡರು. ಹೊರಡಲೆಂದು ಅವನು ಎದ್ದು ತಿರುಗಿದಾಗ ಪ್ಯಾಂಟಿನ ಹಿಂಭಾಗ ಪೂರ್ತಿ ಕಪ್ಪಗಾಗಿತ್ತು.

"ಅಯ್ಯ, ನಿನ್ನ ಪ್ಯಾಂಟು!" ಎಂದರು ಸಿಸ್ಟರ್. "ಆ ಕುರ್ಚಿ ನಾ ದಿನಾ ಒರಸ್ತೀನಿ. ನೀ ಬರ್ತಿ ಅಂತ ಒಂದ್ ವಾರದಿಂದ ಒರಸಿಲ್ಲ ನೋಡು, ನಿನ್ನ ಸಲುವಾಗಿ ಇಟ್ಟಿದ್ದೆ."

ಅವನು ಕೆಂಪಗಾದ. ಆತನನ್ನು ಹಾಗೇ ಕಳಿಸಲಿಲ್ಲ ಆಕೆ, ಒದ್ದೆ ಬಟ್ಟೆ ಕೊಟ್ಟರು. "ತೊಳೆದರ ಪ್ಯಾಂಟಿಂದು ಹೋಗತೈತಿ. ಎದಿ ಒಳಗಿಂದು ಹೋಗೂದಿಲ್ಲ. ನಾ ಅಂಥಾ ಎದಿ ಭಾಳ ನೋಡೀನಿ," ಎಂದರು. ನಾನು ನಗು ತಡೆಯಲಾರದೆ ಚಹಾದ ಕಪ್ಪು ತೊಳೆಯುವ ನೆಪದಲ್ಲಿ ಒಳಗೆ ಓಡಿದೆ.

ಅವರ ಅಡುಗೆಯ ಬಗ್ಗೆ ಒಂದು ಮಾತು. ನಾನು ಬ್ಯಾಡಗಿ ಮೆಣಸಿನಕಾಯಿಯ ನಾಡಿನವಳು, ಖಾರ ನನಗೇನೂ ಅಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದೆ. ಅವರು ದ್ವೀಪದ ಬುಗುರಿಯಂಥ ಹಳದಿ ಮೆಣಸಿನಕಾಯಿ ಹಾಕಿದ ಕುಂಬಳಕಾಯಿ ಸಾರು ಕೊಟ್ಟರು. ಎರಡನೇ ಚಮಚಕ್ಕೆ ನನ್ನ ಕಣ್ಣು, ಮೂಗು, ಜಂಬ ಎಲ್ಲ ಸೋರಿಹೋಯಿತು. ಅಂದಿನಿಂದ ನಾನು ಹೋಳಿಗೆ ಮಾಡಿದ ದಿನ ಅವರಿಗೊಂದು ಪಾಲು, ಅವರು ಅಲಸಂದೆಯಂಥ ಕೆಂಪು ಕಾಳು ಹಾಕಿ ತೆಂಗಿನಹಾಲಿನಲ್ಲಿ ಅನ್ನ ಮಾಡಿದ ಭಾನುವಾರ ನಮಗೊಂದು ಪಾಲು. ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಸಿಸ್ಟರ್ ಮನೆಗೆ ಹೋಗಿ ಬಂದ ದಿನ ದ್ವೀಪದ ರಾಗದಲ್ಲಿ ಉತ್ತರಿಸುತ್ತಿದ್ದಳು.

ವೆಂಬ್ಲಿಯಲ್ಲಿ ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ಒಮ್ಮೆ ಸಿಸ್ಟರನ್ನು ಕರೆದುಕೊಂಡು ಹೋದೆ. ಅದಕ್ಕೆ ಹಿನ್ನೆಲೆಯಿತ್ತು. ನಾನು ಜನರೇಟರ್ ಗಲಾಟೆಯಲ್ಲಿ ಸೇರಿಕೊಂಡದ್ದು ನಮ್ಮವರಿಗೆ ಸರಿಕಂಡಿರಲಿಲ್ಲ. "ಅದು ಆ ಜನರ ಜಗಳ, ನಿಮಗ್ಯಾಕೆ? ಆ ಮನೆ ಬಿಟ್ಟು ಒಳ್ಳೆ ಏರಿಯಾಗೆ ಬಂದ್ಬಿಡಿ," ಎಂದು ಮೈಸೂರಿನ ಡಾಕ್ಟರೊಬ್ಬರು ಬುದ್ಧಿ ಹೇಳಿದ್ದರು. 'ಆ ಜನ' ಎನ್ನುವಾಗ ಅವರ ದನಿ ಇಳಿದಿತ್ತು. ನಮ್ಮಲ್ಲಿ ಬಣ್ಣದ ಮಾತನ್ನು ಯಾವಾಗಲೂ ದನಿ ಇಳಿಸಿಯೇ ಆಡುತ್ತಾರೆ, ಕೇಳಿ ಕೇಳಿ ನನಗೆ ರೋಸಿಹೋಗಿದೆ. ಅದೇ ಡಾಕ್ಟರು ಹಾಲಿನ ಬಾಗಿಲಲ್ಲಿ ನೇರಳೆ ಹ್ಯಾಟು ಕಂಡದ್ದೇ ತಡ, ಎಲೆಯ ಮುಂದಿನಿಂದ ಧಡಕ್ಕನೆ ಎದ್ದು ನಿಂತರು. ಅವರು ಈ ದೇಶಕ್ಕೆ ಬಂದ ಹೊಸದರಲ್ಲಿ ಸಿಸ್ಟರ್ ವಾರ್ಡಿನಲ್ಲೇ ಕಿರಿಯ ಡಾಕ್ಟರಾಗಿದ್ದರಂತೆ.

"ಏನಪಾ, ಈಗರ ಕೈ ತೊಳ್ಕೊಂಡು ವಾರ್ಡಿಗೆ ಬರ್ತಿಯೋ ಇಲ್ಲೋ?" ಎಂದು ಸಿಸ್ಟರ್ ಕೇಳಿದರು. ಡಾಕ್ಟರು ನಿಜವಾಗಿಯೂ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಅವರ ಹೆಂಡತಿ ಅಷ್ಟು ನಕ್ಕಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ಡಾಕ್ಟರು ಜನರೇಟರ್ ಬಗ್ಗೆ ಕರೆದಿದ್ದ ನಮ್ಮ ಸಭೆಗೂ ಬಂದರು. ಹಿಂದಿನ ಸಾಲಿನಲ್ಲಿ ಕೂತರು, ಆದರೆ ಬಂದರು.

ಆ ಸಭೆ ನೆನಪಿದೆ. ನಮ್ಮ ಬೇಡಿಕೆ ಸರಳ. ನಮ್ಮ ಛಾವಣಿಯ ಮೇಲೂ ಸೋಲಾರ್ ಹಲಗೆ ಹಾಕಿ, ಒಂದು ಬ್ಯಾಟರಿ ಕೊಡಿ, ಲಿಫ್ಟು-ಪಂಪು ಅದರಲ್ಲಿ ನಡೆಯಲಿ, ಜನರೇಟರ್ ತೆಗೆಯಿರಿ. ಅದೇ ಅಧಿಕಾರಿ, ಈ ಸಲ ಕಪ್ಪು ಪ್ಯಾಂಟು ಹಾಕಿಕೊಂಡು ಬಂದಿದ್ದ, ನಿಮ್ಮ ಛಾವಣಿಗೆ ಅಷ್ಟು ಭಾರ ತಡೆಯುವ ಶಕ್ತಿಯಿಲ್ಲ ಎಂದ.

ಸಿಸ್ಟರ್ ಎದ್ದರು. "ನಮ್ಮ ಛಾವಣಿ ಮ್ಯಾಲ ಮೊಬೈಲ್ ಕಂಪನಿ ಕಂಬ ನಿಂತಾವಲ್ಲ, ಅವು ಗಾಳಿಯಾಗ ತೇಲಾಕತ್ತಾವೇನು? ಬಾಡಿಗಿ ಬರೂವಾಗ ಛಾವಣಿ ಗಟ್ಟಿ. ನಮಗ ಕೊಡೂವಾಗ ಅದಕ್ಕ ಮೊಣಕಾಲ ನೋವು!"

ಹಾಲೆಲ್ಲ ನಕ್ಕಿತು. ಅಧಿಕಾರಿ ಕಾಗದಗಳನ್ನು ಜೋಡಿಸಿಕೊಳ್ಳುತ್ತ, ಹವಾಮಾನದ ಸಮಸ್ಯೆ ನಮ್ಮೆಲ್ಲರದೂ ಹೌದು, ಒಬ್ಬರದ್ದಲ್ಲ ಎಂದ. ಆಗ ಆಕೆ ನಗುತ್ತಿರಲಿಲ್ಲ.

"ಎಲ್ಲಾರದು? ಹಂಗಾರ ಒಂದೊಂದು ವಾರ ಎಲ್ಲಾರ ಕಿಟಕಿ ಕೆಳಗ ಇಡ್ರಿ. ಮೊದಲನೇ ವಾರ ನಿನ್ನ ಮನಿ. ನಾವು ಈ ಊರಿಗೆ ಬಂದಾಗ ಕಪ್ಪು ಜನಕ್ಕ ಖೋಲಿ ಇಲ್ಲ ಅಂತ ಬಾಗಿಲ ಬಾಗಿಲಿಗೆ ಹೇಳಿದ್ರು. ಖೋಲಿ ಸಿಕ್ಕಿದ್ದು ಕಲ್ಲಿದ್ದಲ ಅಂಗಳದ ಬಾಜೂಕ. ನಮ್ಮಪ್ಪ ಆ ಹೊಗಿ ಕುಡದು ಹೋದ. ಆಮ್ಯಾಲ ನಮಗ ಕೊಟ್ಟ ಮನಿ ದೊಡ್ಡ ರಸ್ತೆದ ಪಕ್ಕಕ್ಕ, ನಾ ಲಾರಿ ಹೊಗಿ ಕುಡದೆ. ಈಗ ನನ್ನ ಮೊಮ್ಮಗಳು ಡೀಸೆಲ್ ಕುಡೀಲಿ ಅಂತೀರಿ. ಹೊಗಿ ಬದಲಾತು, ಮೂಗು ಬದಲಾಗಲಿಲ್ಲ. ಯಾಕ ಅಂತ ನನಗ ಹೇಳು. ಹೇಳೂತನಕ ನಾ ಇಲ್ಲಿಂದ ಹೋಗೂದಿಲ್ಲ."

ಹೀಗೆಂದವರು ತಮ್ಮ ಕುರ್ಚಿಯನ್ನು ಎಳೆದು ಹಾಲಿನ ಬಾಗಿಲಿಗೆ ಅಡ್ಡ ಹಾಕಿ ಕೂತರು. ತೊಡೆಯ ಮೇಲೆ ಕೈಚೀಲ, ತಲೆಯ ಮೇಲೆ ಹ್ಯಾಟು. ಇದು ಅವರ ರೂಢಿ. ಕೆಲಸ ಮುಗಿಯುವವರೆಗೆ ಯಾರೂ ಹೋಗುವಂತಿಲ್ಲ. ಕೊನೆಗೆ ಛಾವಣಿಯನ್ನು ಹೊರಗಿನ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸುತ್ತೇವೆಂದು ಅಧಿಕಾರಿ ಎಲ್ಲರೆದುರು ಒಪ್ಪಿದ. ಆಮೇಲೆಯೇ ಕುರ್ಚಿ ಸರಿಯಿತು.

ಈ ರೂಢಿ ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಅವರ ತಮ್ಮ ತೀರಿಕೊಂಡಾಗ. ಮಣ್ಣಿಗೆ ಹೋಗಿ ಬಂದವರ ಕೈಯಲ್ಲಿ ಬೊಬ್ಬೆಗಳಿದ್ದವು. ಅವರ ಜನ ಗುಂಡಿಯನ್ನು ಯಂತ್ರಕ್ಕೆ ಬಿಡುವುದಿಲ್ಲವಂತೆ. ಬಂದವರೇ ಸಲಿಕೆ ಹಿಡಿದು ಸರದಿಯ ಮೇಲೆ ಮಣ್ಣು ತುಂಬುತ್ತಾರೆ, ಹೆಂಗಸರು ಸುತ್ತ ನಿಂತು ಹಾಡುತ್ತಾರೆ, ಮಣ್ಣು ಗುಡ್ಡೆಯಾಗಿ ಮೇಲೆ ಹೂವಿಡುವವರೆಗೆ ಒಬ್ಬರೂ ಮನೆಗೆ ಹೋಗುವುದಿಲ್ಲ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೇ ಹೋಗುವುದಿಲ್ಲ ಎಂದೆ ನಾನು. ನಮ್ಮಪ್ಪ ಹೋದಾಗ ನಾನು ಬಾಗಿಲಲ್ಲೇ ನಿಂತಿದ್ದೆ ಎಂದೆ.

ಸಿಸ್ಟರ್ ನನ್ನ ಕಡೆ ತಿರುಗಿದರು. "ಮತ್ತ ಕೆಲಸಾ ಪೂರಾ ಮುಗೀತೋ ಇಲ್ಲೋ ಅಂತ ನಿನಗ ಹೆಂಗ ಗೊತ್ತಾತು?"

ಅವತ್ತು ಅವರ ಮಡಿಲಲ್ಲಿ ತಲೆಯಿಟ್ಟು ಅಪ್ಪನಿಗಾಗಿ ಅತ್ತೆ.

ಛಾವಣಿ ಗಟ್ಟಿಯಾಗಿಯೇ ಇತ್ತು. ಹಲಗೆಗಳು ಬಂದವು, ನೆಲಮಾಳಿಗೆಗೆ ಬ್ಯಾಟರಿಯೂ ಬಂತು. ಸಿಸ್ಟರ್ ಭಾನುವಾರದ ಉಡುಪಿನಲ್ಲಿ ಏದುಸಿರು ಬಿಡುತ್ತ ಛಾವಣಿಗೆ ಹತ್ತಿ, ಬಿಸಿಯಾದ ಹಲಗೆಯ ಮೇಲೆ ಕೈಯಿಟ್ಟು, ಜ್ವರ ನೋಡಿದವರಂತೆ ತಲೆಯಾಡಿಸಿದರು. ಆದರೆ ಜನರೇಟರ್ ಹೋಗಲಿಲ್ಲ. ಹೊಸ ವ್ಯವಸ್ಥೆಯನ್ನು ಇನ್ನೂ ನಂಬುವಂತಿಲ್ಲ, ಜನರೇಟರ್ ನಿಲ್ಲಿಸಿದರೆ ಲಿಫ್ಟು ನಿಲ್ಲುತ್ತದೆ, ವಯಸ್ಸಾದವರು ಒಳಗೆ ಸಿಕ್ಕಿಬಿದ್ದರೆ ಹೊಣೆ ಯಾರದು ಎಂದು ಸಂಸ್ಥೆ ಹೇಳಿತು. ಜನರೇಟರ್ ನಿಂತ ಕ್ಷಣ ಬ್ಯಾಟರಿ ತಾನೇ ಕೆಲಸ ಹಿಡಿಯುತ್ತದೆ ಎಂದು ತಂತಿ ಎಳೆದ ಎಂಜಿನಿಯರೇ ಹೇಳಿದ್ದರು. "ಒಂದು ದಿನಾ ಬಂದ್ ಮಾಡಿ ನೋಡ್ರಿ," ಎಂದು ಸಿಸ್ಟರ್ ಕೇಳಿದ್ದೇ ಕೇಳಿದ್ದು. ಆ ಒಂದು ದಿನ ಬರಲೇ ಇಲ್ಲ. ಛಾವಣಿಯ ಮೇಲೆ ಬಿಸಿಲು ಸುಮ್ಮನೆ ಕೂತಿತ್ತು, ಅಂಗಳದಲ್ಲಿ ಡೀಸೆಲ್ ಉರಿಯುತ್ತಿತ್ತು.

ಬದಲಿಗೆ ಸಂಸ್ಥೆಯವರು ಅವರಿಗೆ ಬೇರೆ ಕಡೆ ಹಿತ್ತಲಿರುವ ಮನೆ ತೋರಿಸಿದರು. ಆಗಲೇ ಅವರಿಗೆ ಮಾತಿನ ನಡುವೆ ಉಸಿರು ಸಾಲುತ್ತಿರಲಿಲ್ಲ. ಹೋಗಿಬಿಡಿ ಎಂದು ನಾನೇ ಅಂದೆ. ಸಿಟ್ಟಾದರು. "ನಾ ಹೋದರ ಆ ಡಬ್ಬಿಗೆ ಮನಿ ಬಿಟ್ಟುಕೊಟ್ಟಂಗ. ಹೋಗೂದು ಅದು, ನಾ ಅಲ್ಲ." ಎದೆರೋಗದ ವಾರ್ಡು ನಡೆಸಿದ ಆ ಹೆಂಗಸು ಎದೆರೋಗದಿಂದಲೇ ಹೋದರು. ಇದನ್ನು ವಿಧಿ ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಸುಮ್ಮನಿರುವುದಿಲ್ಲ.

ಮಣ್ಣು ಮಾಡಿದ್ದು ಒಂದು ಶುಕ್ರವಾರ, ಒಳ್ಳೆಯ ಬಿಸಿಲಿತ್ತು. ನಾನು ಹೋದೆ. ಗಂಡಸರು ಕೋಟು ಕಳಚಿ ಸಲಿಕೆ ಹಿಡಿದರು, ನನ್ನವರೂ ತೋಳು ಮಡಚಿದರು. ಹೆಂಗಸರು ಹಾಡಲು ಶುರುಮಾಡಿದರು. ಆದರೆ ಹಾಡು ಕೇಳಿಸುತ್ತಲೇ ಇರಲಿಲ್ಲ. ಹತ್ತು ಮಾರು ದೂರದಲ್ಲಿ ಸ್ಮಶಾನದ ಮಣ್ಣು ತೆಗೆಯುವ ಯಂತ್ರ, ನಾವು ಬೇಸತ್ತು ಹೋದ ಮೇಲೆ ಗುಂಡಿ ಮುಚ್ಚಲೆಂದು ಇಂಜಿನ್ ಓಡಿಸಿಕೊಂಡೇ ಕಾಯುತ್ತಿತ್ತು. ಹೊಗೆ ನೇರ ನಮ್ಮ ಮೇಲೆ ಬರುತ್ತಿತ್ತು. ಸಿಸ್ಟರ್ ಮೊಮ್ಮಗಳು ಜೇಬಿಗೆ ಕೈ ಹಾಕಿ ಇನ್‌ಹೇಲರ್ ತೆಗೆದಳು.

ನಾನು ಯಾವಾಗ ನಡೆದುಹೋದೆನೋ ತಿಳಿಯದು. ನನ್ನ ಮದುವೆಯ ಉಂಗುರದಿಂದ ಆ ಯಂತ್ರದ ಗಾಜನ್ನು ಬಡಿಯುತ್ತಿದ್ದೆ.

"ಇಂಜಿನ್ ಬಂದ್ ಮಾಡಪಾ."

ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಚಾಲಕ ನನ್ನ ಮುಖ ನೋಡಿದ, ಗುಂಡಿಯ ಕಡೆ ನೋಡಿದ, ಕೀಲಿ ತಿರುಗಿಸಿದ. ಹಾಡು ಕೇಳಿಸಿತು. ಮರಳಿ ಬಂದವಳ ಕೈಗೆ ಯಾರೋ ಸಲಿಕೆ ಕೊಟ್ಟರು. ಮಣ್ಣು ನಾನಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಹೂವಿಡುವವರೆಗೆ ಒಬ್ಬರೂ ಹೋಗಲಿಲ್ಲ.

ಅಲ್ಲಿಂದ ಊಟಕ್ಕೆ ನಮ್ಮ ಕಟ್ಟಡಕ್ಕೆ ಬಂದರೆ ಅಂಗಳದ ಬಾಗಿಲಲ್ಲಿ ಡೀಸೆಲ್ ಟ್ಯಾಂಕರ್ ನಿಂತಿತ್ತು. ಶುಕ್ರವಾರ ಅದು ಬರುವ ದಿನ. ಮೊಮ್ಮಗಳು ಮೇಲೆ ಹೋಗಿ ಬಾಲ್ಕನಿಯ ಆ ಕುರ್ಚಿಯನ್ನು ತಂದು ಗೇಟಿಗೆ ಅಡ್ಡ ಇಟ್ಟಳು, ಅದರ ಮೇಲೆ ನೇರಳೆ ಹ್ಯಾಟನ್ನಿಟ್ಟಳು. ಮಣ್ಣು ಮೆತ್ತಿದ ಬೂಟುಗಳ ನಾವೆಲ್ಲ ಅದರ ಹಿಂದೆ ನಿಂತೆವು. ಆ ಮೈಸೂರಿನ ಡಾಕ್ಟರು ಈ ಸಲ ಮುಂದಿನ ಸಾಲಿನಲ್ಲಿದ್ದರು. ಟ್ಯಾಂಕರಿನವನು ಫೋನು ಮಾಡಿದ, ಕಾದ, ಮತ್ತೆ ಫೋನು ಮಾಡಿದ. ಆಮೇಲೆ ಹಿಂದಕ್ಕೆ ಹೋದ.

ಅಂಗಳದಲ್ಲೇ ಮೇಜು ಹಾಕಿ ಊಟ ಬಡಿಸಿದೆವು. ವಾರದ ಕೊನೆಯಲ್ಲೂ ಸರದಿಯ ಮೇಲೆ ಕೂತೆವು. ಭಾನುವಾರ ಮಧ್ಯಾಹ್ನ ಜನರೇಟರ್ ಕೆಮ್ಮಿತು, ನಡುಗಿತು, ನಿಂತಿತು. ಟ್ಯಾಂಕು ಬರಿದಾಗಿತ್ತು. ಎಲ್ಲರ ಕಣ್ಣೂ ಲಿಫ್ಟಿನ ಬಾಗಿಲ ಮೇಲೆ. ಒಳಗೆ ಯಾರಿದ್ದಾರೆ ಎಂದು ಯಾರೋ ಕೂಗಿದರು. ದೀಪ ಒಮ್ಮೆ ಮಿಣುಕಿತು. ಬಾಗಿಲು ತೆರೆಯಿತು. ತೆಂಗಿನಹಾಲಿನ ಅನ್ನದ ದೊಡ್ಡ ಪಾತ್ರೆ ಹಿಡಿದು ಮೊಮ್ಮಗಳು ಹೊರಗೆ ಬಂದು, "ಯಾಕೆ ಎಲ್ಲ ಹೀಗೆ ನೋಡ್ತಿದ್ದೀರಿ?" ಎಂದು ಕೇಳಿದಳು. ನನ್ನವರು ಚಪ್ಪಾಳೆ ತಟ್ಟಿದರು, ಆಮೇಲೆ ಕಣ್ಣೊರೆಸಿಕೊಂಡರು.

ಇದನ್ನು ಬರೆಯುವ ಹೊತ್ತಿಗೂ ಲಿಫ್ಟು ನಡೆಯುತ್ತಿದೆ, ಪಂಪು ನಡೆಯುತ್ತಿದೆ. ಅಡುಗೆಮನೆಯ ಕಿಟಕಿ ತೆರೆದಿಟ್ಟು ಬರೆಯುತ್ತಿದ್ದೇನೆ. ಮತ್ತೆ ಡೀಸೆಲ್ ತುಂಬಿಸುವ ವಿಷಯ ಮಾತಾಡಲು ಗುರುವಾರ ಅದೇ ಅಧಿಕಾರಿ ಬರುತ್ತಾನಂತೆ. ಬರಲಿ. ಸಿಸ್ಟರ್ ಕುರ್ಚಿ ಗೇಟಿನ ಬಳಿಯೇ ಇದೆ, ಜನರೇಟರ್ ಕೊನೆಯದಾಗಿ ಉಗುಳಿದ ಮಸಿ ಅದರ ಮೇಲೆ ಹಾಗೆಯೇ ಇದೆ. ನಾನು ಒರೆಸಿಲ್ಲ.